ಹಕ್ಸ್ಲಿಯ ಚಿತ್ರಪಟವೂ ನಮ್ಮ ಸೀಮೆಯ ಕಲ್ಲುಗಳೂ

ಲಂಡನ್ನಿನ ರಾಷ್ಟ್ರೀಯ ಭಾವಚಿತ್ರಶಾಲೆ 1856ರಲ್ಲಿ ಸ್ಥಾಪನೆಯಾಯಿತು. ಅದರ ನಿಯಮ ಸ್ವಲ್ಪ ವಿಚಿತ್ರವಾದದ್ದು. ಚಿತ್ರ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ, ಚಿತ್ರದಲ್ಲಿರುವ ಮನುಷ್ಯನು ದೇಶದ ಚರಿತ್ರೆಯಲ್ಲಿ ಎಷ್ಟು ಗಣ್ಯನು ಎಂಬುದನ್ನೇ ಅಲ್ಲಿ ಮೊದಲು ವಿಚಾರಿಸುತ್ತಾರೆ. ಆದ್ದರಿಂದ ಕಲೆಯ ದೃಷ್ಟಿಯಿಂದ ಸಾಧಾರಣವೆನ್ನಬೇಕಾದ ಪಟಗಳೂ ಅಲ್ಲಿ ಸೇರಿವೆ. ನಾವು ಈ ಹೊತ್ತು ಮಾತಿಗೆ ತೆಗೆದುಕೊಂಡಿರುವ ಪಟ ಆ ಸಾಧಾರಣ ವರ್ಗಕ್ಕೆ ಸೇರಿದುದಲ್ಲ. ಅದು ಥಾಮಸ್ ಹೆನ್ರಿ ಹಕ್ಸ್ಲಿಯ ಭಾವಚಿತ್ರ. ಬರೆದವನು ಜಾನ್ ಕಾಲಿಯರ್. ಬರೆದ ವರ್ಷ 1883.

ಹಕ್ಸ್ಲಿಗೆ ಆಗ ಐವತ್ತೆಂಟು ವರ್ಷ. ಕಪ್ಪು ಬಣ್ಣದ ಉಡುಪು, ಕೆನ್ನೆಯ ಮೇಲೆ ಇಳಿದ ಮೀಸೆಗೂದಲು, ಬಿಗಿದ ತುಟಿ. ವಿದ್ವಾಂಸರ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಕನಸುಗಣ್ಣು ಇಲ್ಲಿಲ್ಲ. ಎದುರಿಗಿರುವವನು ಏನಾದರೂ ಹುರುಳಿಲ್ಲದ ಮಾತನ್ನಾಡಿದರೆ ತಕ್ಷಣ ತಿದ್ದಲು ಸಿದ್ಧನಾಗಿ ನಿಂತಿರುವ ಮನುಷ್ಯನ ಭಂಗಿ ಇದು. ಇಷ್ಟೇ ಆಗಿದ್ದರೆ ಇವನನ್ನು ನ್ಯಾಯಾಧೀಶನೆಂದೋ ಪಾರ್ಲಿಮೆಂಟಿನ ಸದಸ್ಯನೆಂದೋ ಭಾವಿಸಬಹುದಾಗಿತ್ತು. ಆದರೆ ಅವನ ಕೈಯಲ್ಲಿ ಒಂದು ಮನುಷ್ಯನ ತಲೆಬುರುಡೆ ಇದೆ. ಪಟವನ್ನು ನೋಡಿದವರ ಕಣ್ಣು ಮುಖದಿಂದ ಕೈಗೆ, ಕೈಯಿಂದ ಮತ್ತೆ ಮುಖಕ್ಕೆ ಹೋಗಿ ಬರುತ್ತದೆ. ಚಿತ್ರಕಾರನ ಉದ್ದೇಶವೂ ಅದೇ ಇದ್ದಿರಬೇಕು.

ಕೈಯಲ್ಲಿ ಕಪಾಲವನ್ನು ಹಿಡಿದ ಮೂರ್ತಿ ನಮಗೆ ಹೊಸದಲ್ಲ. ಬ್ರಹ್ಮನ ಐದನೆಯ ತಲೆಯನ್ನು ಕಿತ್ತ ದೋಷಕ್ಕಾಗಿ ಕಪಾಲವನ್ನೇ ಭಿಕ್ಷಾಪಾತ್ರೆ ಮಾಡಿಕೊಂಡು ಊರೂರು ಅಲೆದ ಶಿವನ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಹೊಯ್ಸಳರ ಗುಡಿಗಳ ಗೋಡೆಗಳಲ್ಲಿ ಭೈರವನ ಕೈಯಲ್ಲಿ ಅದು ಕಾಣಿಸುತ್ತದೆ. ನಮಗೆ ಅದು ಪಾಪದ, ಪ್ರಾಯಶ್ಚಿತ್ತದ, ಭಯದ ಗುರುತು. ಯೂರೋಪಿನ ಹಳೆಯ ಚಿತ್ರಗಳಲ್ಲಿಯೂ ಬುರುಡೆಗೆ ಕೊರತೆಯಿಲ್ಲ. ಸಂತ ಜೆರೋಮನ ಮೇಜಿನ ಮೇಲೆ ಅದು ಇರುತ್ತದೆ. ಹೂವು, ಹಣ್ಣು, ಆರಿಹೋದ ದೀಪ ಇವುಗಳ ಪಕ್ಕದಲ್ಲಿಯೂ ಇರುತ್ತದೆ. ಶೇಕ್ಸ್‌ಪಿಯರನ ಹ್ಯಾಮ್ಲೆಟ್ಟು ಗೋರಿ ತೋಡುವವನಿಂದ ಅದನ್ನು ಕೈಗೆ ತೆಗೆದುಕೊಂಡು ಮಾತನಾಡುತ್ತಾನೆ. ಅಲ್ಲೆಲ್ಲಾ ಅದು ಹೇಳುವ ಮಾತು ಒಂದೇ: ನೀನೂ ಒಂದು ದಿನ ಹೀಗಾಗುವೆ ಎಂದು.

ಕಾಲಿಯರನ ಪಟದಲ್ಲಿ ಈ ಎರಡು ಅರ್ಥಗಳೂ ಇಲ್ಲ. ಹಕ್ಸ್ಲಿಯು ಬುರುಡೆಯನ್ನು ನೋಡಿ ವೈರಾಗ್ಯ ಪಡುತ್ತಿಲ್ಲ, ಅದನ್ನು ತೋರಿಸಿ ನಮ್ಮನ್ನು ಹೆದರಿಸುತ್ತಲೂ ಇಲ್ಲ. ಅಕ್ಕಸಾಲಿಗನು ಚಿಮಟವನ್ನು ಹಿಡಿದಂತೆ, ವೈಣಿಕನು ವೀಣೆಯ ಮೇಲೆ ಕೈಯಿಟ್ಟಂತೆ, ತನ್ನ ದಿನದಿನದ ಕೆಲಸದ ವಸ್ತುವನ್ನು ಹಿಡಿದಿದ್ದಾನೆ. ಸಾವಿರ ವರ್ಷಗಳಿಂದ ಮರಣದ ಚಿಹ್ನೆಯಾಗಿದ್ದ ವಸ್ತುವೊಂದು ಇಲ್ಲಿ ಅಳತೆ ಮಾಡಿ ನೋಡತಕ್ಕ ಪ್ರಮಾಣವಾಗಿಬಿಟ್ಟಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜನರ ಮನಸ್ಸಿನಲ್ಲಿ ಆದ ದೊಡ್ಡ ತಿರುವನ್ನು ಇಷ್ಟು ಕಡಮೆ ಸಾಮಗ್ರಿಯಿಂದ ತೋರಿಸಿದ ಪಟ ಇನ್ನೊಂದು ನಮಗೆ ತಿಳಿಯದು.

ಚಿತ್ರಕಾರನು ಇದನ್ನು ಹೊರಗಿನವನಾಗಿ ಬರೆದವನಲ್ಲ. ಜಾನ್ ಕಾಲಿಯರನು ಹಕ್ಸ್ಲಿಯ ಅಳಿಯ. ಹಕ್ಸ್ಲಿಯ ಮಗಳು ಮೇರಿಯನ್ನಳನ್ನು 1879ರಲ್ಲಿ ಮದುವೆಯಾದನು. ಅವಳೂ ಚಿತ್ರ ಬರೆಯಬಲ್ಲವಳು. ಅವಳು 1887ರಲ್ಲಿ ತೀರಿಕೊಂಡ ಮೇಲೆ ಅವಳ ತಂಗಿ ಎಥೆಲಳನ್ನು 1889ರಲ್ಲಿ ಕೈಹಿಡಿದನು. ಹೆಂಡತಿ ಸತ್ತ ಮೇಲೆ ನಾದಿನಿಯನ್ನು ತಂದುಕೊಳ್ಳುವುದು ನಮ್ಮಲ್ಲಿ ಮನೆಯ ಹಿರಿಯರೇ ಮುಂದೆ ನಿಂತು ನಡೆಸುವ ಕೆಲಸ. ಆ ಕಾಲದ ಇಂಗ್ಲೆಂಡಿನ ಕಾಯಿದೆ ಅದನ್ನು ಒಪ್ಪುತ್ತಿರಲಿಲ್ಲವಾದ್ದರಿಂದ ದಂಪತಿಗಳು ನಾರ್ವೆ ದೇಶಕ್ಕೆ ಹೋಗಿ ಮದುವೆಯಾಗಬೇಕಾಯಿತು. ಕಾಲಿಯರನು 1881ರಲ್ಲಿ ವೃದ್ಧನಾದ ಡಾರ್ವಿನ್ನನ ಪಟವನ್ನೂ ಬರೆದನು. ಉದ್ದನೆಯ ಗಡ್ಡ, ಮೈಮುಚ್ಚುವ ನಿಲುವಂಗಿ, ಕೈಯಲ್ಲಿ ಟೋಪಿ: ಆ ಡಾರ್ವಿನ್ನನ್ನು ಪಠ್ಯಪುಸ್ತಕಗಳಲ್ಲಿ ನೋಡದವರು ವಿರಳ. ಡಾರ್ವಿನ್ನನನ್ನು ಋಷಿಯಂತೆಯೂ ಹಕ್ಸ್ಲಿಯನ್ನು ವಾದಿಯಂತೆಯೂ ಬರೆದದ್ದು ಸರಿಯಾಗಿಯೇ ಇದೆ. ಒಬ್ಬನು ಊರ ಹೊರಗಿನ ಮನೆಯಲ್ಲಿ ಕುಳಿತು ಯೋಚಿಸಿದನು. ಇನ್ನೊಬ್ಬನು ಸಭೆಯಲ್ಲಿ ನಿಂತು ಅದಕ್ಕಾಗಿ ಹೋರಾಡಿದನು.

ಆ ಹೋರಾಟದ ಕಥೆ, ಎಂದರೆ 1860ರಲ್ಲಿ ಆಕ್ಸ್‌ಫರ್ಡಿನಲ್ಲಿ ಬಿಷಪ್ ವಿಲ್ಬರ್‌ಫೋರ್ಸನೊಡನೆ ನಡೆದ ವಾಗ್ವಾದ, ನಮ್ಮ ಕಾಲೇಜುಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಅದನ್ನು ಮತ್ತೆ ಹೇಳಬೇಕಾಗಿಲ್ಲ. ಬುರುಡೆಯ ಕಥೆ ಅದಕ್ಕಿಂತ ಮುಖ್ಯವಾದದ್ದು, ಅದಕ್ಕಿಂತ ಕಡಮೆ ಜನಕ್ಕೆ ತಿಳಿದದ್ದು. ಹಕ್ಸ್ಲಿಯು 1863ರಲ್ಲಿ ಪ್ರಕೃತಿಯಲ್ಲಿ ಮನುಷ್ಯನ ಸ್ಥಾನವನ್ನು ಕುರಿತು ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿದನು. ಅದರ ಕೊನೆಯ ಭಾಗದಲ್ಲಿ ನೆಲದಿಂದ ದೊರೆತ ಎರಡು ಪುರಾತನ ಕಪಾಲಗಳ ಪರೀಕ್ಷೆ ಇದೆ. ಒಂದು ಬೆಲ್ಜಿಯಂ ದೇಶದ ಏಂಜಿಸ್ ಗುಹೆಯದು. ಇನ್ನೊಂದು 1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ಸುಣ್ಣಕಲ್ಲು ತೆಗೆಯುವ ಕೂಲಿಗಳ ಕೈಗೆ ಸಿಕ್ಕಿದ್ದು. ಎರಡನೆಯದರ ಹುಬ್ಬಿನ ಮೂಳೆ ಬಹಳ ಉಬ್ಬಿದೆ, ಹಣೆ ಹಿಂದಕ್ಕೆ ಜಾರಿದೆ. ಇದೇ ವಾನರನಿಗೂ ಮನುಷ್ಯನಿಗೂ ನಡುವಣ ಪ್ರಾಣಿ ಎಂದು ಘೋಷಿಸಿಬಿಟ್ಟಿದ್ದರೆ ಹಕ್ಸ್ಲಿಯ ಪಕ್ಷಕ್ಕೆ ಎಷ್ಟು ಅನುಕೂಲವಾಗುತ್ತಿತ್ತು! ಅವನು ಹಾಗೆ ಹೇಳಲಿಲ್ಲ. ತನಗೆ ತಿಳಿದ ಮಾನವಕಪಾಲಗಳಲ್ಲೆಲ್ಲಾ ಇದು ಹೆಚ್ಚು ವಾನರಸದೃಶವಾದದ್ದು, ಆದರೂ ಇದು ಮನುಷ್ಯನದೇ, ಎಂದು ಬರೆದನು. ತನಗೆ ಪ್ರಿಯವಾದ ಸಿದ್ಧಾಂತಕ್ಕಾಗಿ ಮೂಳೆಯಿಂದ ಹೆಚ್ಚು ಸಾಕ್ಷ್ಯವನ್ನು ಹಿಂಡಲಿಲ್ಲ. ಪಟದಲ್ಲಿರುವ ಬಿಗಿದ ತುಟಿಗೆ ಈ ಸಂಯಮವೂ ಒಂದು ಕಾರಣವೆಂದು ನಾವು ಓದಿಕೊಳ್ಳುತ್ತೇವೆ.

ಹಕ್ಸ್ಲಿಯು ಇಂಡಿಯಾಕ್ಕೆ ಬಂದವನಲ್ಲ. ಆದರೆ ಇಂಡಿಯಾದ ಮಣ್ಣಿನಲ್ಲಿ ಹೂತಿದ್ದ, ಕಲ್ಲಾಗಿ ಹೋದ ಜೀವಾವಶೇಷಗಳು ಅವನ ಮೇಜಿಗೆ ಹೋಗಿ ಸೇರುತ್ತಿದ್ದವು. ಈ ಅವಶೇಷಗಳಿಗೆ ಈಗ ನಾವು ಪಳೆಯುಳಿಕೆಗಳೆನ್ನುತ್ತೇವೆ. ಒಳ್ಳೆಯ ಕನ್ನಡ ಮಾತು. ಬಂಗಾಳದ ರಾಣಿಗಂಜಿನ ಕಲ್ಲಿದ್ದಲ ಸೀಮೆಯಿಂದ ಬಂದ ಅಂಥ ಮೂಳೆಗಳನ್ನು ಅವನು ಪರೀಕ್ಷಿಸಿ ಬರೆದ ಲೇಖನ 1865ರಲ್ಲಿ ಅಚ್ಚಾಯಿತು. ಅಚ್ಚು ಹಾಕಿದ್ದು ಇಂಡಿಯಾದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆ. 'ಪೇಲಿಯಾಂಟಾಲಜಿಯಾ ಇಂಡಿಕಾ' ಎಂಬ ಅದರ ದೊಡ್ಡ ಗ್ರಂಥಮಾಲೆಯಲ್ಲಿ. ಅದೇ ಮಾಲೆಯಲ್ಲಿ ಒಂಬತ್ತು ವರ್ಷಗಳ ಮೇಲೆ ಕನ್ನಡನಾಡಿನ ಒಂದು ಪ್ರಾಣಿಗೆ ಸ್ಥಾನ ದೊರೆಯಿತು. ಅದನ್ನು ದೊರಕಿಸಿಕೊಟ್ಟವನು ರಾಬರ್ಟ್ ಬ್ರೂಸ್ ಫೂಟ್.

ಫೂಟನು ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ. 1858ರ ಕೊನೆಯಲ್ಲಿ ಸರ್ವೇಕ್ಷಣ ಇಲಾಖೆಯನ್ನು ಸೇರಿದನು. ಅಲ್ಲಿಂದ ಮುಂದೆ ಅವನ ಬಾಳೆಲ್ಲ ದಕ್ಷಿಣದ ಬಿಸಿಲಿನಲ್ಲಿ, ಕುದುರೆಯ ಮೇಲೆ, ಡೇರೆಯಲ್ಲಿ ಕಳೆಯಿತು. ಹಕ್ಸ್ಲಿಯ ಪುಸ್ತಕ ಹೊರಬಂದ 1863ರಲ್ಲಿಯೇ, ಮೇ 30ರಂದು, ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ಜಂಬಿಟ್ಟಿಗೆಯ ಗುಂಡಿಯೊಂದರ ಬಳಿ ಮನುಷ್ಯನು ಕೆತ್ತಿದ ಒಂದು ಶಿಲಾಯುಧವನ್ನು ಕಂಡನು. ಇಂಡಿಯಾದ ಶಿಲಾಯುಗದ ಅಧ್ಯಯನ ಆರಂಭವಾದದ್ದು ಆ ಕಲ್ಲಿನಿಂದ. ಲಂಡನ್ನಿನಲ್ಲಿ ಒಬ್ಬನು ಮನುಷ್ಯನು ಎಷ್ಟು ಹಳಬನೆಂದು ಬುರುಡೆಯನ್ನು ಕೇಳುತ್ತಿದ್ದಾಗ, ಪಲ್ಲಾವರದಲ್ಲಿ ಇನ್ನೊಬ್ಬನು ಅದೇ ಪ್ರಶ್ನೆಯನ್ನು ಬೆಣಚುಕಲ್ಲಿಗೆ ಹಾಕಿದನು.

ಇವರಿಬ್ಬರ ಕೆಲಸ ಒಂದು ಕಡೆ ನೇರವಾಗಿ ಸಂಧಿಸಿತು. ಅದು ನಾವು ಮಾತನಾಡುತ್ತಿರುವ ಪಟದ ಕಾಲದಲ್ಲಿಯೇ ಎಂಬುದು ಸಂತೋಷದ ವಿಷಯ. ಬಳ್ಳಾರಿಗೆ ಮೂಡಲಲ್ಲಿ, ಕರ್ನೂಲು ಸೀಮೆಯ ಬೇತಂಚೆರ್ಲದ ಹತ್ತಿರ ಬಿಲ್ಲಸುರ್ಗಮೆಂಬ ಸುಣ್ಣಕಲ್ಲಿನ ಗುಹೆಗಳಿವೆ. ಅಲ್ಲಿ ಹಳೆಯ ಮೂಳೆಗಳಿರುವುದನ್ನು ಕ್ಯಾಪ್ಟನ್ ನ್ಯೂಬೋಲ್ಡನು 1840ರ ದಶಕದಲ್ಲಿಯೇ ಬರೆದಿದ್ದನು. ಆಮೇಲೆ ನಾಲ್ವತ್ತು ವರ್ಷ ಅದನ್ನು ಕೇಳಿದವರಿಲ್ಲ. ಆಗ ಮದರಾಸಿನ ಗವರ್ನರಾಗಿದ್ದ ಗ್ರ್ಯಾಂಟ್ ಡಫ್ಫನಿಗೆ ಹಕ್ಸ್ಲಿಯು ಆ ಗುಹೆಗಳನ್ನು ಅಗೆಸಿ ನೋಡಬೇಕೆಂದು ಸೂಚಿಸಿದನು. ಸರಕಾರದ ಕಡತ ಎದ್ದು ಕುಳಿತಿತು. ಕೆಲಸ ಫೂಟನ ಪಾಲಿಗೆ ಬಂತು. 1884ರಲ್ಲಿ ಅವನು ಅಗೆತವನ್ನು ಆರಂಭಿಸಿದನು. ಮುಂದಿನ ವರ್ಷ ಅವನ ಮಗ, ಫಿರಂಗಿದಳದ ಲೆಫ್ಟಿನೆಂಟಾಗಿದ್ದ ಹೆನ್ರಿ ಫೂಟನು ಅದನ್ನು ಮುಂದುವರಿಸಿದನು. ಗುಹೆಯ ಕೆಮ್ಮಣ್ಣಿನಿಂದ ಹೊರಬಂದ ಮೂಳೆಗಳನ್ನು ಲೈಡೆಕ್ಕರನೆಂಬ ಪಂಡಿತನು ಪರೀಕ್ಷಿಸಿ 1886ರಲ್ಲಿ ವಿವರಿಸಿದನು. ಅವುಗಳಲ್ಲಿ ಖಡ್ಗಮೃಗವಿತ್ತು, ಈ ಹೊತ್ತು ಆಫ್ರಿಕಾದಲ್ಲಿ ಮಾತ್ರ ನೋಡಸಿಗುವ ಜಾತಿಯ ಕತ್ತೆಕಿರುಬವೂ ಇತ್ತು. ಒಂದು ಕಾಗದ ಸಮುದ್ರವನ್ನು ದಾಟಿ ಬಂದುದರಿಂದ ತುಂಗಭದ್ರೆಯ ಆಚೆಯ ಗುಹೆಯೊಂದರ ಬಾಗಿಲು ತೆರೆಯಿತು. ಪಟವನ್ನು ನೋಡುವಾಗ ಹಕ್ಸ್ಲಿಯ ಬುರುಡೆ ಹಿಡಿದ ಕೈಯನ್ನು ಮಾತ್ರವಲ್ಲದೆ, ಆ ಕಾಗದವನ್ನು ಬರೆದ ಕೈಯನ್ನೂ ನಾವು ನೆನೆಯುತ್ತೇವೆ.

ಫೂಟನು ಕನ್ನಡನಾಡಿಗೆ ಮಾಡಿದ ಉಪಕಾರ ಇದಕ್ಕಿಂತ ಹತ್ತಿರದ್ದು. ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ, ಅವನು ಚಿಕ್‌ಡೌಲಿ ಎಂದು ಬರೆದಿರುವ ಹಳ್ಳಿಯ ಹಳ್ಳದ ದಂಡೆಯಲ್ಲಿ, ಜೇಡಿಮಣ್ಣಿನೊಳಗಿಂದ ಒಂದು ಖಡ್ಗಮೃಗದ ಹಲ್ಲು ದವಡೆಗಳ ತುಂಡುಗಳನ್ನು ತೆಗೆದನು. ಅದು ಅದುವರೆಗೆ ಯಾರೂ ವರ್ಣಿಸದ ಜಾತಿಯೆಂದು ಕಂಡದ್ದರಿಂದ ಅದಕ್ಕೆ 'ರೈನಾಸರಸ್ ಡೆಕ್ಕನೆನ್ಸಿಸ್', ಎಂದರೆ ದಖ್ಖಣದ ಖಡ್ಗಮೃಗವೆಂದು ನಾಮಕರಣ ಮಾಡಿ 1874ರಲ್ಲಿ ಪ್ರಕಟಿಸಿದನು. ಗೋಕಾಕವೆಂದರೆ ನಮಗೆ ಜಲಪಾತ, ಗಿರಣಿ, ಮರದ ಬಣ್ಣದ ಹಣ್ಣುಗಳು, ಬಾಯಲ್ಲಿ ನೀರೂರಿಸುವ ಕರದಂಟು. ಜೋಳದ ಹೊಲಗಳ ಆ ಬಯಲಿನಲ್ಲಿ ಒಂದು ಕಾಲಕ್ಕೆ ಜವುಗುಹುಲ್ಲು ಎತ್ತರವಾಗಿ ಬೆಳೆದು ಅದರೊಳಗೆ ಒಂಟಿಕೊಂಬಿನವರ ಬಂಧುಗಳು ಮೇಯುತ್ತಿದ್ದರೆಂದು ಯಾರು ಊಹಿಸಿದ್ದರು? ಅಸ್ಸಾಮಿನ ಮೃಗವನ್ನು ಗೋಕಾಕದಲ್ಲಿ ನಿಲ್ಲಿಸುವುದು ಕವಿಗೂ ಸಾಹಸದ ಕೆಲಸ. ನಾಲ್ಕು ಹಲ್ಲುಗಳ ಆಧಾರದ ಮೇಲೆ ಭೂವಿಜ್ಞಾನಿ ಅದನ್ನು ಮಾಡಿದನು.

ನಮ್ಮ ಬೆಟ್ಟಗಳ ಕಲ್ಲಿಗೆ ಹೆಸರಿಟ್ಟವನೂ ಅವನೇ. ಧಾರವಾಡದಿಂದ ಶಿವಮೊಗ್ಗ, ಚಿತ್ರದುರ್ಗಗಳವರೆಗೆ ಪಟ್ಟಿಪಟ್ಟಿಯಾಗಿ ಹಬ್ಬಿರುವ ಹಸಿರುಗಪ್ಪು ಪದರುಗಲ್ಲು, ಕಬ್ಬಿಣದ ಕಲ್ಲು, ಸುಣ್ಣಕಲ್ಲುಗಳ ಸಮೂಹಕ್ಕೆ 1886ರಲ್ಲಿ 'ಧಾರವಾಡ' ಎಂಬ ಹೆಸರನ್ನು ಕೊಟ್ಟನು. ಈಗ ಲೋಕದ ಭೂವಿಜ್ಞಾನಿಗಳೆಲ್ಲರೂ ಅದನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ನಮ್ಮ ಊರೊಂದರ ಹೆಸರು ಈ ರೀತಿ ಭೂಮಂಡಲದ ಚರಿತ್ರೆಯ ಒಂದು ಅಧ್ಯಾಯದ ಹೆಸರಾಯಿತು. 1887ರಲ್ಲಿ ಮೈಸೂರು ಸಂಸ್ಥಾನದ ಚಿನ್ನದ ಪ್ರದೇಶಗಳನ್ನು ನೋಡುವುದಕ್ಕಾಗಿ ಹೊನ್ನಾಳಿಯ ಕಡೆಗೆಲ್ಲಾ ಸಂಚಾರ ಮಾಡಿದನು. ಸಂಸ್ಥಾನವು 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದಕ್ಕೆ ಮೊದಲ ಮುಖ್ಯಸ್ಥನಾಗಿ ಬಂದವನು ನಿವೃತ್ತನಾಗಿದ್ದ ಫೂಟನೇ. ಚಿನ್ನವನ್ನು ಹುಡುಕಲು ಹೋದವನ ಕಣ್ಣು ನೆಲದ ಮೇಲೆ ಬಿದ್ದಿದ್ದ ಹರಳುಗಲ್ಲಿನ ಮೇಲೂ ಇತ್ತು. ಅವನು ಶೇಖರಿಸಿದ ಶಿಲಾಯುಗದ ಆಯುಧಗಳು ದೊರೆತ ಸ್ಥಳಗಳಲ್ಲಿ ನ್ಯಾಮತಿಯೂ ಒಂದು. ಆ ಸಂಗ್ರಹ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು; ಅದರ ವಿವರಪಟ್ಟಿ ಅಚ್ಚಾಗಿ ಹೊರಬರುವ ಮೊದಲೇ, 1912ರ ಡಿಸೆಂಬರಿನಲ್ಲಿ, ಫೂಟನು ಕಲ್ಕತ್ತೆಯಲ್ಲಿ ಕಾಲವಾದನು.

ಫೂಟನ ಮುಖವನ್ನು ನಾವು ಛಾಯಾಚಿತ್ರದಲ್ಲಿ ನೋಡಿದ್ದೇವೆ. ಬಿಳಿಯ ಗಡ್ಡದ ಮುದುಕ, ಪಾದ್ರಿಯೆಂದರೂ ನಂಬಬಹುದು. ಕಾಲಿಯರನಂಥವನೊಬ್ಬನು ಅವನ ಪಟವನ್ನು ಬರೆಯಲು ಕುಳಿತಿದ್ದರೆ ಕೈಗೆ ಏನನ್ನು ಕೊಡುತ್ತಿದ್ದ? ಈ ಪ್ರಶ್ನೆ ಕೇವಲ ವಿನೋದಕ್ಕಲ್ಲ. ಪ್ರಕೃತಿಶಾಸ್ತ್ರಜ್ಞನ ಭಾವಚಿತ್ರದಲ್ಲಿ ಕೈಯಲ್ಲಿರುವ ವಸ್ತುವೇ ಅರ್ಧ ಚಿತ್ರ. ಡೈನೋಸಾರ್ ಎಂಬ ಹೆಸರನ್ನು 1842ರಲ್ಲಿ ಬಳಕೆಗೆ ತಂದ ರಿಚರ್ಡ್ ಓವೆನ್ನನು, ನ್ಯೂಜೀಲೆಂಡಿನ ಮೋವಾ ಎಂಬ ಅಳಿದುಹೋದ ದೈತ್ಯಪಕ್ಷಿಯ ಎಲುಬುಗೂಡಿನ ಪಕ್ಕದಲ್ಲಿ ನಿಂತು, ಕೈಯಲ್ಲಿ ಒಂದು ಮೂಳೆಯ ತುಂಡನ್ನು ಹಿಡಿದು ತೆಗೆಸಿಕೊಂಡ ಛಾಯಾಚಿತ್ರವೊಂದಿದೆ. ಆ ತುಂಡನ್ನು ನೋಡಿಯೇ, ಇಂಥ ಹಕ್ಕಿ ಇದ್ದಿರಬೇಕೆಂದು ಅವನು 1839ರಲ್ಲಿ ಹೇಳಿದ್ದನು. ಓವೆನ್ನನು ಹಕ್ಸ್ಲಿಯ ಪರಮ ಪ್ರತಿಸ್ಪರ್ಧಿ. ಆ ಛಾಯಾಚಿತ್ರದಲ್ಲಿ ಗೆದ್ದವನ ಹೆಮ್ಮೆ ತುಂಬಿ ತುಳುಕುತ್ತದೆ. ಫೂಟನ ಕೈಗೆ ಗೋಕಾಕದ ಹಲ್ಲನ್ನು ಕೊಡಬಹುದು, ಪಲ್ಲಾವರದ ಕೊಡಲಿಯನ್ನು ಕೊಡಬಹುದು. ನಮ್ಮನ್ನು ಕೇಳಿದರೆ, ಧಾರವಾಡ ಶಿಲೆಯ ಒಂದು ತುಂಡನ್ನು ಕೊಡಿರೆನ್ನುತ್ತೇವೆ. ಮಿಕ್ಕೆರಡರಲ್ಲಿ ಫೂಟನು ತನಗೆ ತಿಳಿದುದನ್ನು ಹಿಡಿದಂತಾಗುತ್ತಿತ್ತು. ಇದರಲ್ಲಿ ಅವನಿಗೂ ತಿಳಿಯದಿದ್ದ ಒಂದು ಸಂಗತಿ ಅಡಗಿತ್ತು.

ಚಿತ್ರದಲ್ಲಿ ಮತ್ತೊಂದು ಕೊರತೆಯನ್ನೂ ಹೇಳಬೇಕು. ನಿಯಾಂಡರ್ ಕಣಿವೆಯ ಕಪಾಲವನ್ನು ಮೊದಲು ಮುಟ್ಟಿದವರು ಕಲ್ಲುಗಣಿಯ ಕೂಲಿಗಳು. ಬಿಲ್ಲಸುರ್ಗದ ಗುಹೆಯಲ್ಲಿ ಗುದ್ದಲಿ ಹಿಡಿದವರು, ಬುಟ್ಟಿ ಹೊತ್ತವರು, ಮಣ್ಣಿನಲ್ಲಿ ಮೂಳೆಯ ಬಿಳುಪನ್ನು ಕಂಡು ಕೈ ತಡೆದವರು ಆ ಸೀಮೆಯ ಜನ. ಯಾವ ಚಿತ್ರಶಾಲೆಯೂ ಅವರ ಪಟವನ್ನು ತೂಗುಹಾಕಿಲ್ಲ. ಇದಕ್ಕೆ ಕಾಲಿಯರನನ್ನು ದೂರಿ ಫಲವಿಲ್ಲ. ಆದರೆ ಒಬ್ಬ ಮನುಷ್ಯ, ಒಂದು ಬುರುಡೆ ಎಂಬ ಪಟದ ಸರಳತೆ ಜ್ಞಾನ ಹುಟ್ಟುವ ಬಗೆಯ ಪೂರ್ಣ ಚಿತ್ರವಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

ಈಗ ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯ ಮಾತು. ಅಡಕೆಯ ತೋಟಗಳೂ ಕುರುಚಲು ಕಾಡಿನ ಗುಡ್ಡಗಳೂ ಸೇರುವ ಹೋಬಳಿ ಅದು, ಸೂಳೆಕೆರೆಯ ಸೀಮೆ. ಆ ಊರಿನಿಂದ ಬಂದ ವಿದ್ಯಾರ್ಥಿಯೊಬ್ಬನು ಹಕ್ಸ್ಲಿಯ ಪ್ರಬಂಧವೊಂದನ್ನು ನಾವು ತರಗತಿಯಲ್ಲಿ ಓದಿಸುತ್ತಿದ್ದ ವರ್ಷ, ಪುಸ್ತಕದ ಮುಂಭಾಗದಲ್ಲಿದ್ದ ಈ ಪಟದ ಪ್ರತಿಯನ್ನು ನೋಡಿ, "ಇವರೇನು ಸಾರ್, ಸುಡುಗಾಡು ಸಿದ್ಧರೆ?" ಎಂದು ಕೇಳಿದನು. ತರಗತಿ ನಕ್ಕಿತು. ಪ್ರಶ್ನೆ ನಗುವಂಥದಾಗಿರಲಿಲ್ಲ, ಮೇಲೆ ಹೇಳಿದ ಕಪಾಲದ ಮಾತೆಲ್ಲ ಅವನಿಗೆ ಕೊಟ್ಟ ಉತ್ತರವೇ. ರಜೆ ಕಳೆದು ಬಂದಾಗ ಅವನು ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಕಲ್ಲನ್ನು ಮೇಜಿನ ಮೇಲಿಟ್ಟನು. ನಸುಹಳದಿಯ ಚಪ್ಪಟೆ ಕಲ್ಲು. ಅದರ ಮೇಲೆ ಕಪ್ಪು ಬಣ್ಣದಲ್ಲಿ, ಕಸೂತಿ ಹಾಕಿದ ಹಾಗೆ, ಜರಿಗಿಡದ ಎಲೆ. ನರನರವೂ ಕವಲುಕವಲೂ ಸ್ಪಷ್ಟ. ಊರಿನಲ್ಲಿ ಕೆಲವರು ಅದನ್ನು ದೇವರ ಗೂಡಿನಲ್ಲಿಡಬೇಕೆಂದರಂತೆ. ಹುಡುಗರೆಲ್ಲರೂ ಒಂದೇ ಕೊರಳಿನಿಂದ, ಇದು ಪಳೆಯುಳಿಕೆ, ಎಂದರು.

ಸಾಹಿತ್ಯದ ಅಧ್ಯಾಪಕರು ತೀರ್ಪು ಕೊಡತಕ್ಕ ವಿಷಯ ಇದಲ್ಲವಾದ್ದರಿಂದ ಹುಡುಗನನ್ನೂ ಕಲ್ಲನ್ನೂ ಭೂವಿಜ್ಞಾನದ ಮಿತ್ರರಲ್ಲಿಗೆ ಕರೆದುಕೊಂಡು ಹೋದೆವು. ಅವರು ಕನ್ನಡಕವನ್ನು ಹಣೆಗೇರಿಸಿ, ಮಸೂರದಿಂದ ನೋಡಿ, ಒಂದೇ ನಿಮಿಷದಲ್ಲಿ ಹೇಳಿದರು: ಇದು ಗಿಡವಲ್ಲ, ಎಂದಿಗೂ ಗಿಡವಾಗಿರಲಿಲ್ಲ. ಮ್ಯಾಂಗನೀಸು ಕರಗಿದ ನೀರು ಕಲ್ಲಿನ ಕೂದಲೆಳೆಯ ಬಿರುಕಿನೊಳಗೆ ಜಿನುಗಿ, ಹೋದಹೋದಲ್ಲಿ ಕರಿಯ ಕಣಗಳನ್ನು ಬಿಡುತ್ತಾ ಕವಲೊಡೆದು ಹಬ್ಬಿದೆ. ಚಳಿದೇಶಗಳಲ್ಲಿ ಕಿಟಕಿಯ ಗಾಜಿನ ಮೇಲೆ ಹಿಮ ಎಲೆಬಳ್ಳಿ ಬರೆಯುವುದಿಲ್ಲವೆ, ಹಾಗೆ. ಶಿವಮೊಗ್ಗದ ಸೀಮೆಯಲ್ಲಿ ಮ್ಯಾಂಗನೀಸು ಅದುರಿಗೆ ಕೊರತೆಯಿಲ್ಲ. ಹುಡುಗನ ಮುಖ ಬಾಡಿತು. ಆಗ ಮಿತ್ರರು ಅವನ ಹೆಗಲ ಮೇಲೆ ಕೈಯಿಟ್ಟು, "ಅಪ್ಪಾ, ಹಕ್ಸ್ಲಿಗೇ ಹೀಗಾಗಿದೆ" ಎಂದು ಒಂದು ಕಥೆಯನ್ನು ಹೇಳಿದರು.

ಕಥೆ ನಿಜವಾದದ್ದು. ಅಟ್ಲಾಂಟಿಕ್ ಸಮುದ್ರದ ತಳದಿಂದ ತೆಗೆದು ಮದ್ಯಸಾರದಲ್ಲಿ ಇಟ್ಟಿದ್ದ ಕೆಸರನ್ನು ಹಕ್ಸ್ಲಿಯು 1868ರಲ್ಲಿ ಸೂಕ್ಷ್ಮದರ್ಶಕದಿಂದ ನೋಡಿದನು. ಅದರಲ್ಲಿ ಲೋಳೆಯಂಥ ಒಂದು ವಸ್ತು ಕಂಡಿತು. ಜೀವದ ಅತ್ಯಂತ ಮೂಲರೂಪ ಇದೇ ಎಂದು ಬಗೆದು ಅದಕ್ಕೆ ಬ್ಯಾಥಿಬಿಯಸ್ ಎಂದು ಹೆಸರಿಟ್ಟನು. ಯೂರೋಪಿನ ಪಂಡಿತರು ಅದರ ಮೇಲೆ ದೊಡ್ಡ ಸಿದ್ಧಾಂತಗಳನ್ನೇ ಕಟ್ಟಿದರು. ಕೆಲವು ವರ್ಷಗಳ ಮೇಲೆ 'ಚಾಲೆಂಜರ್' ನೌಕೆಯ ರಸಾಯನಶಾಸ್ತ್ರಜ್ಞನು ಪರೀಕ್ಷೆ ಮಾಡಿ, ಇದು ಜೀವವಲ್ಲ. ಸಮುದ್ರದ ನೀರಿಗೆ ಮದ್ಯಸಾರ ಬೆರೆತದ್ದರಿಂದ ಒಡೆದು ಬಂದ ಜಿಪ್ಸಮಿನ ಬಗೆಯ ಗಸಿ, ಎಂದು ತೋರಿಸಿದನು. ಹಕ್ಸ್ಲಿಯು ಹಟ ಹಿಡಿಯಲಿಲ್ಲ. ಸುದ್ದಿ ತಿಳಿದೊಡನೆ ತನ್ನ ತಪ್ಪನ್ನು ಅಚ್ಚಿನಲ್ಲಿಯೇ ಒಪ್ಪಿದನು. ಎದುರಾಳಿಗಳನ್ನು ಸಭೆಯಲ್ಲಿ ಕೆಡವಿದ್ದಕ್ಕಿಂತ ಇದು ದೊಡ್ಡ ಗೆಲವೆಂದು ನಮ್ಮ ಅಭಿಪ್ರಾಯ. ಕಾಲಿಯರನು ಪಟ ಬರೆಯುವ ಹೊತ್ತಿಗೆ ಈ ಪ್ರಸಂಗ ಮುಗಿದುಹೋಗಿತ್ತು. ಆ ಮುಖ ತಿದ್ದುವವನ ಮುಖ ಮಾತ್ರವಲ್ಲ, ತಿದ್ದಿಸಿಕೊಂಡವನ ಮುಖವೂ ಹೌದು.

ಉಬ್ರಾಣಿಯ ಹುಡುಗನು ಆಮೇಲೆ ಕೇಳಿದ ಪ್ರಶ್ನೆ ಇನ್ನೂ ಚೆನ್ನಾಗಿತ್ತು: "ಹಾಗಾದರೆ ನಮ್ಮ ಕಡೆ ಕಲ್ಲಿನಲ್ಲಿ ಜೀವದ ಗುರುತು ಇಲ್ಲವೇ ಇಲ್ಲವೆ?" ಫೂಟನ ಕಾಲದಲ್ಲಿ ಇದಕ್ಕೆ ಉತ್ತರ, ಇಲ್ಲ, ಎಂದೇ. ಧಾರವಾಡ ಶಿಲೆಗಳಲ್ಲಿ ಒಂದು ಚಿಪ್ಪಾಗಲಿ ಮೀನಿನ ಮುಳ್ಳಾಗಲಿ ಸಿಕ್ಕಿರಲಿಲ್ಲ; ಅವು ಜೀವ ಹುಟ್ಟುವುದಕ್ಕೆ ಮುಂಚಿನ ಕಲ್ಲುಗಳೆಂದು ಭಾವನೆಯಿತ್ತು. ಅವನ ತರುವಾಯ ಮೈಸೂರು ಇಲಾಖೆಯನ್ನು ಬಹುಕಾಲ ನಡೆಸಿದ ಸ್ಮೀತ್ ಸಾಹೇಬರು ಇನ್ನೂ ಮುಂದೆ ಹೋದರು. ಈ ಕಲ್ಲುಗಳು ಬಹುಮಟ್ಟಿಗೆ ಭೂಮಿಯ ಒಳಗಿನ ಬೆಂಕಿಯಿಂದ ಬಂದವು, ನೀರಿನಲ್ಲಿ ಪದರಗಟ್ಟಿದವಲ್ಲ ಎಂಬುದು ಅವರ ಮತ. ಬೆಂಕಿಯಿಂದ ಬಂದ ಕಲ್ಲಿನಲ್ಲಿ ಜೀವವನ್ನು ಹುಡುಕುವವರಾರು? ಈ ಮತವನ್ನು ಪಲ್ಲಟಗೊಳಿಸಿದವರು ನಮ್ಮವರೇ. ಇಲಾಖೆಯ ಬಿ. ರಾಮರಾಯರೂ ಅವರ ಸಹೋದ್ಯೋಗಿಗಳೂ ಈ ಕಲ್ಲುಗಳ ಮೇಲೆ ನೀರಿನ ಅಲೆಯ ಗೀರುಗಳನ್ನೂ ಹರಿವಿನ ಓರೆಪದರಗಳನ್ನೂ ಗುರುತಿಸಿ, ಇವುಗಳಲ್ಲಿ ಬಹಳಷ್ಟು ನೀರಿನ ತಳದಲ್ಲಿ ನೆಲೆಗೊಂಡ ಮರಳು, ಕೆಸರು, ಸುಣ್ಣ ಎಂದು ಸ್ಥಾಪಿಸಿದರು. ರಾಮರಾಯರು ಮೈಸೂರಿನ ಆದಿಶಿಲೆಗಳ ವಿಷಯವಾಗಿ ಬರೆದ ಗ್ರಂಥ 1940ರಲ್ಲಿ ಹೊರಬಂತು. ಎಂದೋ ಬತ್ತಿಹೋದ ಒಂದು ಸಮುದ್ರ ನಮ್ಮ ಗುಡ್ಡಗಳಲ್ಲಿ ಪುನಃ ಕಾಣಿಸಿಕೊಂಡಿತು.

ಸಮುದ್ರವಿದ್ದ ಮೇಲೆ ಅದರಲ್ಲಿ ಏನಾದರೂ ಬದುಕಿರಬಹುದಷ್ಟೆ? 1980ರ ದಶಕದಲ್ಲಿ ಚಿತ್ರದುರ್ಗದ ಶಿಲಾಪಟ್ಟಿಯಲ್ಲಿಯೂ ಶಿವಮೊಗ್ಗದ ಶಿಲಾಪಟ್ಟಿಯಲ್ಲಿಯೂ ಸುಣ್ಣಕಲ್ಲಿನ ಪದರಗಳೊಳಗೆ ಸ್ಟ್ರೊಮಾಟೊಲೈಟುಗಳು ಸಿಕ್ಕವು. ಹೆಸರು ನಾಲಿಗೆಗೆ ಒರಟು. ವಸ್ತು ಬಹಳ ಸರಳ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಕೆರೆಯ ಮೆಟ್ಟಿಲ ಮೇಲಿನ ಪಾಚಿಯಂತೆ, ಆಳವಿಲ್ಲದ ನೀರಿನ ತಳದಲ್ಲಿ ಚಾಪೆಯಾಗಿ ಹರಡುತ್ತವೆ. ಅಲೆ ತಂದ ಕೆಸರು ಆ ಚಾಪೆಗೆ ಅಂಟಿಕೊಳ್ಳುತ್ತದೆ. ಬೆಳಕಿಗಾಗಿ ಜೀವಿಗಳು ಕೆಸರಿನ ಮೇಲಕ್ಕೆ ಬಂದು ಹೊಸ ಚಾಪೆ ನೇಯುತ್ತವೆ. ಅದರ ಮೇಲೆ ಮತ್ತೆ ಕೆಸರು. ಹೀಗೆ ಪದರದ ಮೇಲೆ ಪದರ ಏರಿ, ಮೇಲುಗಡೆ ಉಬ್ಬಿದ ಗುಮ್ಮಟವಾಗಿ, ಕಲ್ಲಾಗಿ ನಿಲ್ಲುತ್ತದೆ. ಜೀವಿಯ ಶರೀರ ಅದರಲ್ಲಿ ಉಳಿದಿಲ್ಲ. ಅದು ಕಟ್ಟಿದ ಮನೆ ಉಳಿದಿದೆ. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇಂಥವು ಈಗಲೂ ಬೆಳೆಯುತ್ತಿರುವುದರಿಂದ ಈ ವಿವರಣೆ ಬರಿಯ ಊಹೆಯಲ್ಲ. ನಮ್ಮವುಗಳ ವಯಸ್ಸು ಸುಮಾರು 260 ಕೋಟಿ ವರ್ಷ. ನಿಯಾಂಡರ್ ಕಣಿವೆಯ ಕಪಾಲ ಇದರ ಮುಂದೆ ನಿನ್ನೆ ಸಂಜೆಯದು. ನಾವು ಉಸಿರಾಡುವ ಗಾಳಿಯಲ್ಲಿ ಪ್ರಾಣವಾಯುವನ್ನು ಮೊದಲು ತುಂಬತೊಡಗಿದ್ದು ಇಂಥ ಚಾಪೆಗಳ ಜೀವಿಗಳೇ ಎಂದು ವಿಜ್ಞಾನಿಗಳು ಹೇಳುತ್ತಾರೆ. ಫೂಟನು ಹೆಸರಿಟ್ಟ ಕಲ್ಲಿನಲ್ಲಿ ಫೂಟನಿಗೆ ಕಾಣದೆ ಅಡಗಿದ್ದ ಸಂಗತಿ ಇದು.

ಈ ಕಲ್ಲುಗಳಿಗೆ ಒಂದು ಅಪಾಯವಿದೆ. ಸುಣ್ಣಕಲ್ಲು ಸುಣ್ಣಕ್ಕೂ ಸಿಮೆಂಟಿಗೂ ಬರುತ್ತದೆ. ಮಿಕ್ಕ ಕಲ್ಲು ರಸ್ತೆಗೆ ಜಲ್ಲಿಯಾಗುತ್ತದೆ. ರಸ್ತೆ ಬೇಡವೆನ್ನುವವರು ನಾವಲ್ಲ. ಆದರೆ ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ, ನೀರಿನೊಳಗೆ ಉಕ್ಕಿದ ಲಾವಾರಸ ದಿಂಬುಗಳಂತೆ ಗಟ್ಟಿಯಾದ ಶಿಲೆಗಳನ್ನು ಸರ್ವೇಕ್ಷಣ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಒಂದು ಗುಡಿಯ ಕಲ್ಲನ್ನು ಕಿತ್ತರೆ ಊರು ಎದ್ದುನಿಲ್ಲುತ್ತದೆ. ಉಬ್ರಾಣಿಗೆ ದೂರವಲ್ಲದ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಕಟ್ಟಿದರೆಂದು ಅಲ್ಲಿಯ ಮಕ್ಕಳೂ ಹೇಳಬಲ್ಲರು. 260 ಕೋಟಿ ವರ್ಷದ ಗುಮ್ಮಟವನ್ನು ಸುತ್ತಿಗೆಯಿಂದ ಒಡೆದರೆ ಸದ್ದು ಕೇಳಿಸುವುದು ಒಡೆದವನಿಗೆ ಮಾತ್ರ. ಅವನಿಗೂ ಅದು ಏನೆಂದು ಯಾರೂ ತಿಳಿಸಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಕಡೆಯ ಶಾಲೆಗಳ ಉಪಾಧ್ಯಾಯರು ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ ಅವರಿಗಾಗಿ ಗುರುತನ್ನು ಹೇಳಿ ಮುಗಿಸುತ್ತೇವೆ. ಕಪ್ಪು ಜರಿಯೆಲೆಯನ್ನು ನೋಡಿ ಮೋಸ ಹೋಗಬೇಡಿ. ಅದು ಕಲ್ಲಿನ ಮೈಮೇಲೆ ಬರೆದಂತಿರುತ್ತದೆ, ಒಳಕ್ಕೆ ಇಳಿದಿರುವುದಿಲ್ಲ. ಬೂದಿ ಬಣ್ಣದ ಅಥವಾ ನಸುಗೆಂಪಿನ ಸುಣ್ಣಕಲ್ಲಿನ ಬಂಡೆ ಮಳೆಯಲ್ಲಿ ತೊಳೆದಿರುವ ಕಡೆ ನೋಡಿರಿ. ಒಣಗಿದ್ದರೆ ಒಂದು ಚೊಂಬು ನೀರು ಹಾಕಿರಿ. ಎಲೆಕೋಸನ್ನು ನಡುವೆ ಹೆಚ್ಚಿದಾಗ ಕಾಣುವಂತೆ, ತೆಳುವಾದ ಪದರಗಳು ಒಂದರ ಮೇಲೊಂದು ಬಾಗಿ, ಎಲ್ಲವೂ ಒಂದೇ ಕಡೆಗೆ ಉಬ್ಬಿದ್ದರೆ, ಸುತ್ತಿಗೆಯನ್ನು ಎತ್ತದೆ ಜಾಗವನ್ನು ಗುರುತು ಮಾಡಿಕೊಳ್ಳಿರಿ. ಪಕ್ಕದಲ್ಲಿ ಒಂದು ನಾಣ್ಯವನ್ನಿಟ್ಟು ಅದರ ಅಳತೆಗೆ ಸರಿಯಾಗಿ ಕಾಗದದ ಮೇಲೆ ಚಿತ್ರ ಬರೆಯಿರಿ. ಬಂಡೆಯ ಮೇಲ್ಮುಖ ಯಾವುದು, ಹಳ್ಳ ಎಷ್ಟು ದೂರ, ಯಾವ ಊರಿನ ಸರಹದ್ದು ಎಂಬುದನ್ನು ಕೆಳಗೆ ಬರೆದು, ಹತ್ತಿರದ ಕಾಲೇಜಿನ ಭೂವಿಜ್ಞಾನದ ಅಧ್ಯಾಪಕರಿಗೆ ಕಳುಹಿಸಿಕೊಡಿರಿ. ಕಲ್ಲು ಇದ್ದಲ್ಲಿಯೇ ಇರಲಿ.